ಟೈಲರಮ್ಮನ ಅಹವಾಲು

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದ ಹೆಂಗಸಿನ ಗಂಡ ದ್ವೀಪದ ಜೈಲಿನಲ್ಲಿ ವಾರ್ಡರ್. ಬೆಳಿಗ್ಗೆ ದೋಣಿ ಹತ್ತಿದನೆಂದರೆ ಕತ್ತಲಾದ ಮೇಲೇ ಮನೆ. ಇವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿದು, ಇದ್ದೊಬ್ಬ ಮಗಳನ್ನು ಓದಿಸಿದಳು.

ಗಂಡ ನಿವೃತ್ತನಾದ. ಜೈಲು ಮುಚ್ಚಿ, ಜನ ಟಿಕೆಟ್ ಕೊಂಡು ನೋಡುವ ಜಾಗವಾಯಿತು. ಮಗಳು ತಾನೇ ಮೆಚ್ಚಿದ ಹುಡುಗನನ್ನು ಮದುವೆಯಾದಳು. ಹುಡುಗ ಚಿನ್ನದಂಥವನು, ಆದರೆ ಅವನ ಅಪ್ಪ ಅದೇ ಜೈಲಿನಲ್ಲಿ ಶಿಕ್ಷೆ ಅನುಭವಿಸಿ ಬಂದವನು. “ನಾನು ಕೂಡಿ ಹಾಕಿದವನ ಪಕ್ಕದಲ್ಲಿ ಕೂತು ಉಣ್ಣಲಾ?” ಎಂದ ಗಂಡ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವಳಿಗೆ ಹೆಣ್ಣು ಮಗುವಾದಾಗಲೂ ಟೈಲರಮ್ಮ ಒಬ್ಬಳೇ ಹೋಗಿ ಬಾಣಂತನ ಮಾಡಿ ಬಂದಳು. ಮನೆಯಲ್ಲಿ ಆ ಮಾತು ತೆಗೆದರೆ ಸಾಕು, ಅವನು ಚಪ್ಪಲಿ ಮೆಟ್ಟಿ ಬೀದಿಗಿಳಿಯುತ್ತಿದ್ದ.

ಒಂದು ಭಾನುವಾರ ಅವನೇ, “ಬಾ, ನಾನು ದುಡಿದ ಜಾಗ ತೋರಿಸ್ತೀನಿ” ಎಂದ.

ಜೈಲಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಕಚೇರಿ ಇದ್ದಲ್ಲಿ ಚಹಾದಂಗಡಿ. ಸಾಲು ಕೋಣೆಗಳ ಕೊನೆಯ ಬಾಗಿಲಿನ ಮುಂದೆ ಅವನು ನಿಂತ. ಬಾಗಿಲಲ್ಲಿ ಅಂಗೈಯಗಲದ ಕಿಂಡಿ.

“ಒಳಗಿನವನು ಇಲ್ಲಿ ಬಂದು ‘ಅಹವಾಲು’ ಅಂದ್ರೆ ಮುಗೀತು. ಅವನು ಹೇಳಿ ಮುಗಿಸೋವರೆಗೂ ವಾರ್ಡರ್ ಕದಲೋ ಹಾಗಿಲ್ಲ. ಬೈದ್ರೂ ನಿಂತು ಕೇಳಬೇಕು.”

“ನೀವು ಕೇಳ್ತಿದ್ರಾ?”

“ಒಂದು ದಿನಾನೂ ತಪ್ಪಿಸಿಲ್ಲ.”

ಎಷ್ಟು ಇಕ್ಕಟ್ಟೋ ನೋಡೋಣವೆಂದು ಅವಳು ಒಳಗೆ ಹೋದಳು. ಹಿಂದಿನಿಂದ ಬಾಗಿಲು ಮುಚ್ಚಿ ಅಗುಳಿ ಬಿತ್ತು. ಬೇಕೆಂದು ಮಾಡಿದ್ದಲ್ಲ, ಯಾರಾದರೂ ಒಳಗೆ ಹೋದರೆ ಬಾಗಿಲೆಳೆದು ಅಗುಳಿ ಹಾಕುವುದು ಅವನ ಕೈಗೆ ಅಂಟಿದ ಅಭ್ಯಾಸ.

“ಅಯ್ಯೋ, ತಡಿಯೇ, ತೆಗೀತೀನಿ.”

“ತೆಗೀಬೇಡಿ. ಅಹವಾಲಿದೆ” ಎಂದಳು ಟೈಲರಮ್ಮ, ಕಿಂಡಿಗೆ ಬಾಯಿಟ್ಟು.

ಅಗುಳಿಯ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. “ಏನೇ ಇದು, ಜನ ನೋಡ್ತಿದಾರೆ.”

“ನೋಡ್ಲಿ. ಫೋನ್ ಮಾಡಿದಾಗೆಲ್ಲ ಮಗಳು ಮೊದಲು ಕೇಳೋದು, ಅಪ್ಪ ಯಾವಾಗ ಬರ್ತಾರೆ ಅಂತ. ನೆಗಡಿ ಅಂದೆ, ಮಂಡಿ ನೋವು ಅಂದೆ, ಹೊಟ್ಟೆ ಸರಿಯಿಲ್ಲ ಅಂದೆ. ನಿಮಗೆ ಅಂಟಿಸೋಕೆ ಇನ್ನು ಯಾವ ಕಾಯಿಲೇನೂ ಉಳಿದಿಲ್ಲ.”

ಹಿಂದೆ ನಿಂತಿದ್ದ ಯಾರೋ ನಕ್ಕರು. ಅವನು ಕದಲಲಿಲ್ಲ.

“ಆ ಮನುಷ್ಯ ತನ್ನ ಶಿಕ್ಷೆ ಇಲ್ಲೇ ತೀರಿಸಿ ಎದ್ದು ಹೋದ. ಈಗ ನೀವು ಅದನ್ನ ನಮ್ಮ ಮಗಳಿಗೆ ಯಾಕೆ ಹಾಕ್ತಿದೀರಿ? ಅವಳೇನು ಮಾಡಿದ್ಲು? ಅಷ್ಟೇ. ಮುಗೀತು.”

ಹೊರಗಿನಿಂದ ಅವನ ಹಳೆಯ ರೂಢಿಯ ಮಾತೇ ಬಂತು. “ಅಹವಾಲು ಮೇಲಿನವರಿಗೆ ಕಳಿಸ್ತೀನಿ.”

“ನಿಮ್ಮ ಮೇಲಿನವಳು ನಾನೇ. ಮಂಜೂರು ಮಾಡಿದೀನಿ, ಬಾಗಿಲು ತೆಗೀರಿ.”

ಅವನು ತೆಗೆದ. ಇಬ್ಬರೂ ದೋಣಿಕಟ್ಟೆಗೆ ಬಂದರು. ಅಲ್ಲಿ ಅವನು ಸಮುದ್ರದ ಕಡೆ ಮುಖ ಮಾಡಿಕೊಂಡೇ ಅಂದ: “ನಾಳೆ ಮಗಳ ಮನೆಗೆ ಬರ್ತೀನಿ. ಆದ್ರೆ ಬೀಗರ ಜೊತೆ ಊಟಕ್ಕೆ ಕೂರಲ್ಲ. ಒಳಗೂ ಬರಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ.”

ಬಾಗಿಲ ಹೊರಗೆ ಕೂರುವುದು ಅವನಿಗೇನು ಹೊಸದೇ? ಮಗುವನ್ನು ಎತ್ತಿ ತಂದು ಅವನ ತೊಡೆಯ ಮೇಲೆ ಮಲಗಿಸಿದರಾಯಿತು. ಟೈಲರಮ್ಮ “ಆಗಲಿ” ಎಂದಷ್ಟೇ ಹೇಳಿ ದೋಣಿಯ ಸಾಲಿನಲ್ಲಿ ನಿಂತಳು.