ಹಳ್ಳದ ಮರಳಲ್ಲಿ ಕೂತ ಜೀಪು

ಮೊನ್ನೆ ಹೊನ್ನಾಳಿ ಬಸ್ ಸ್ಟ್ಯಾಂಡಿನ ಎದುರು ಯಾರದೋ ಹಳೆಯ ಜೀಪಿನ ರೇಡಿಯೇಟರ್ ಕುದಿದು ಹಬೆ ಎದ್ದಿತು. ಆ ಕಾದ ತುಕ್ಕಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಲವತ್ತು ವರ್ಷದ ಹಿಂದಿನ ಸಿಟ್ಟು ಹೊಸದಾಗಿ ಬಂತು. ನಿಮಗೂ ಹೀಗಾಗುತ್ತದೆಯೇ? ಸಂತೋಷ ಬೇಗ ಹಳಸುತ್ತದೆ. ಸಿಟ್ಟು ಮಾತ್ರ ಉಪ್ಪಿನಕಾಯಿಯ ಹಾಗೆ, ಕೆಡುವುದೇ ಇಲ್ಲ.

ಆಗ ಚನ್ನಗಿರಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ನಮ್ಮ ಯಜಮಾನರು ಹರಾಜಿನಲ್ಲಿ ಮಿಲಿಟರಿ ಜೀಪೊಂದನ್ನು ಹಿಡಿದು ತಂದಿದ್ದರು. ಅವರ ಅಜ್ಜ ಎತ್ತುಗಳ ಬೆನ್ನ ಮೇಲೆ ಅಡಿಕೆ ಹೇರಿಕೊಂಡು, ಬಯಲಿಗೆ ಬಯಲೇ ದಾಟಿ ಜಗಳೂರಿಗೆ ಹೋಗುತ್ತಿದ್ದರಂತೆ. ಆ ದಾರಿಯಲ್ಲಿ ಜೀಪು ಓಡಿಸಬೇಕೆನ್ನುವುದು ಇವರ ಹುಚ್ಚು. ಓಡಿಸಲಿ, ಬೇಡವೆಂದವರಾರು? ಆದರೆ ಅದಕ್ಕೆ ಅವರು ಆರಿಸಿದ ದಿನ ಯಾವುದು ಗೊತ್ತೇ? ಜಗಳೂರಿಗೆ ಕೊಟ್ಟಿದ್ದ ನನ್ನಕ್ಕ ಜ್ವರದಲ್ಲಿ ಊಟ ಬಿಟ್ಟಿದ್ದಾಳೆ, ಬೇಗ ಬಾ ಎಂದು ಹೇಳಿ ಕಳಿಸಿದ ದಿನ.

“ದಾವಣಗೆರೆ ಮ್ಯಾಲೆ ಹೋಗಾಣ್ರಿ, ಟಾರು ರೋಡೈತೆ” ಎಂದೆ.

“ಅದು ಸುತ್ತಾಗ್ತತೆ. ನಮ್ಮಜ್ಜನ ದಾರಿ ನೆಟ್ಟಗೈತೆ. ಫೋರ್‌ವೀಲ್ ಗಾಡಿ ಇದು, ನೀ ಸುಮ್ನೆ ಕುಂದ್ರು.”

ಮೊದಲು ಜಾಲಿ, ಆಮೇಲೆ ಬರೀ ಕಲ್ಲು. ನೆಲ ಕಾದ ಹೆಂಚಾಗಿತ್ತು. ಇವರು ಮಾತ್ರ ಅಜ್ಜ ಮಲಗುತ್ತಿದ್ದ ಬಂಡೆಗಳನ್ನು ತೋರಿಸುತ್ತಲೇ ಇದ್ದರು. “ನಿಮ್ಮಜ್ಜ ಮಲಗೋದು ಬಿಟ್ಟು ವ್ಯಾಪಾರ ಯಾವಾಗ ಮಾಡ್ತಿದ್ರು?” ಎಂದು ಕೇಳಿದೆ. ಉತ್ತರ ಬರುವಷ್ಟರಲ್ಲಿ ಜೀಪು ಒಣಹಳ್ಳದ ಮರಳಿಗೆ ಇಳಿಯಿತು, ಇಳಿದದ್ದು ಹತ್ತಲಿಲ್ಲ. ಫೋರ್‌ವೀಲ್ ಗೇರು ಹಾಕಿದಷ್ಟೂ ನಾಲ್ಕೂ ಚಕ್ರ ಸರಿಸಮನಾಗಿ ಹೂತವು, ರೇಡಿಯೇಟರ್ ಕುದಿದು ತುಕ್ಕಿನ ವಾಸನೆಯ ಹಬೆ ಎದ್ದಿತು.

ಆಚೆ ದಂಡೆಯಲ್ಲಿ ಒಬ್ಬಾಕೆ ಆಡು ಮೇಯಿಸುತ್ತಿದ್ದಳು. “ಆಕೀನ ದಾರಿ ಕೇಳ್ರಿ” ಎಂದರೆ, “ನಮ್ಮ ದಾರಿ ನಮಗೆ ಗೊತ್ತಿಲ್ಲೇನು?” ಎಂದರು. ನಾನೇ ಹೋಗಿ ಕೇಳಿದೆ.

“ಆ ದಿಬ್ಬದ ಆಚೀಗೆ ಟಾರು ರೋಡೈತೆ ನೋಡವ್ವ. ಜಗಳೂರು ಬಸ್ಸು ಬರ್ತತೆ.”

ಜೀಪಿನಿಂದ ಕೈಚೀಲ ಎತ್ತಿಕೊಂಡೆ.

“ಎಲ್ಲಿಗೆ?” ಎಂದರು.

“ಅಕ್ಕನ್ನ ನೋಡಾಕೆ ಬಂದೀನಿ, ಬಂಡೆ ನೋಡಾಕಲ್ಲ.”

ಮದುವೆಯಾದ ಮೇಲೆ ಅವರ ಮಾತು ಮೀರಿದ್ದು ಅದೇ ಮೊದಲು. ದಿಬ್ಬ ಹತ್ತಿ ಬಸ್ಸಿನ ರೋಡಿಗೆ ಇಳಿದೆ. ತಿರುಗಿ ನೋಡಲಿಲ್ಲ.

ಅಕ್ಕ ಸೊರಗಿ ಹಾಸಿಗೆಗೆ ಅಂಟಿಕೊಂಡಿದ್ದಳು. “ನಿಮ್ಮೋರೆಲ್ಲಿ?” ಎಂದಳು. “ಹಳ್ಳದಾಗೆ ಕುಂತಾರೆ, ಜೀಪಿನ ಜತೆ” ಎಂದೆ. ಕೆಮ್ಮು ಬರುವ ತನಕ ನಕ್ಕಳು. ನಕ್ಕ ಬಾಯಿಗೆ ನಾನು ಗಂಜಿ ಹಿಡಿದೆ, ಕುಡಿದಳು.

ಸಂಜೆ ಎತ್ತುಗಳಿಂದ ಜೀಪು ಎಳೆಸಿಕೊಂಡು ಯಜಮಾನರು ಬಂದರು, ಹುಬ್ಬಿನ ತನಕ ಧೂಳು. ಅಕ್ಕ ಮಲಗಿದಲ್ಲಿಂದಲೇ, “ಬರ್ರಿ, ಎತ್ತು ಹೊಡ್ಕೊಂಡೇ ಬಂದ್ರಲ್ಲ, ನಿಮ್ಮಜ್ಜನ ಹಂಗೇ” ಎಂದಳು. ಅವರು ಕಾಲು ತೊಳೆದುಕೊಂಡರು. ಆಮೇಲೆ ಒಳಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದರು: “ಅಕ್ಕ ಏನಾರ ಉಂಡ್ರಾ?”

ಅಕ್ಕ ಚೇತರಿಸಿಕೊಂಡಳು. ಇವರು ಬದಲಾದರು, ಅದೇ ನನ್ನ ಹೊಸ ಪೀಡೆ. ಅಂದಿನಿಂದ ದಾರಿ ಕವಲೊಡೆದಲ್ಲೆಲ್ಲ ಗಾಡಿ ನಿಲ್ಲಿಸಿ “ಯಾವ ಕಡೆ?” ಎಂದು ಕೇಳುತ್ತಾರೆ. ನಮ್ಮ ಮನೆಯ ಬೀದಿಯಲ್ಲೂ!

ಮೊನ್ನೆ ಹೊನ್ನಾಳಿಯಿಂದ ನ್ಯಾಮತಿಯ ಕಡೆಗೆ ಹೊರಟಾಗಲೂ ಕೇಳಿದರು. ರೇಗಿ, ಗೊತ್ತಿಲ್ಲದಿದ್ದರೂ “ಎಡಕ್ಕೆ” ಎಂದುಬಿಟ್ಟೆ. ಸ್ವಲ್ಪ ದೂರಕ್ಕೆ ಟಾರು ಮುಗಿದು ಗದ್ದೆಯ ಬದು ಬಂತು. ಅವರು ಕಾರು ನಿಲ್ಲಿಸಿ ನನ್ನ ಮುಖ ನೋಡಿದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

“ಇದೇ ದಾರಿ, ಹೋಗ್ರಿ” ಎಂದು ಬಂತು.

ಅವರು ನಗಲಿಲ್ಲ. ಗೇರು ಇಳಿಸಿ, ಮೆಲ್ಲಗೆ ಮುಂದೆ ಬಿಟ್ಟರು.