ಬಲಕ್ಕೆ ಸರಿ!

ಬೆಳಿಗ್ಗೆ ಹಾಲು ಕಾಸಿದೆ, ಜೋಳ ಬೀಸಿಸಿಕೊಂಡು ಬಂದೆ, ಎರಡು ಬಕೆಟ್ ಬಟ್ಟೆ ಒಣಹಾಕಿದೆ, ಸಂಜೆ ಐದಕ್ಕೆ ಒಂದು ರೋಬೋಟನ್ನು ಕೊಂದೆ.

ಸೊಸೆ ಸುಜಾತಾಗೆ ಗಚ್ಚಿಬೌಲಿಯ ಹೊಸ ಕಂಪನಿಯಲ್ಲಿ ಕೆಲಸ. ಹಳೆಯ ಜಪಾನೀ ರೋಬೋಟ್ ಆಟದ ಮಾತುಗಳನ್ನು ಕನ್ನಡಕ್ಕೆ ತರಬೇಕು. ಆರಕ್ಕೆ ಫೈಲ್ ಕಳಿಸಬೇಕಿತ್ತು. ತಪ್ಪು ಸಿಕ್ಕರೆ ನೌಕರಿ ಕಾಯಂ ಆಗುವುದಿಲ್ಲ. "ಅತ್ತೀ, ನೀವೊಮ್ಮೆ ಆಡಿ ನೋಡ್ರಿ" ಎಂದು ಲ್ಯಾಪ್‌ಟಾಪ್ ನನ್ನ ಮುಂದಿಟ್ಟಳು.

ನನ್ನ ರೋಬೋಟ್ ಸೇತುವೆಯ ಬಲಗಡೆ ನಿಂತಿತ್ತು. ಎಡಗಡೆಯಿಂದ ಸೇತುವೆ ಕುಸಿಯುತ್ತ ಬಂತು; ದಡ ಇನ್ನೂ ಬಲಕ್ಕಿತ್ತು. ‘ಬಲಕ್ಕೆ ಸರಿ!’ ಎಂದು ಅಕ್ಷರ ಮಿಂಚಿತು. ನಾನು ಅಲ್ಲಾಡಲಿಲ್ಲ. ರೋಬೋಟ್ ಕೆಳಗೆ ಬಿತ್ತು.

"ಯಾಕ ಓಡಲಿಲ್ರೀ?"

"ನೀನ ಬರದೀಯಲ್ಲವಾ! ಬಲಕ್ಕ ನಿಂತಿದ್ದು ಸರಿ ಐತಿ ಅಂತ ತಿಳಕೊಂಡೆ."

ಅವಳ ಮುಖ ಬಿಳಿಚಿಕೊಂಡಿತು. ಅಂಥ ‘ಸರಿ’ ಆಟದ ತುಂಬ ಇದ್ದವು. ನಾನು ಹುಡುಕಿ ತೋರಿಸಿದೆ, ಅವಳು ‘ಓಡು’ ಎಂದು ತಿದ್ದಿದಳು. ಆರಕ್ಕೆ ಎರಡು ನಿಮಿಷವಿದ್ದಾಗ ಫೈಲ್ ಹೋಯಿತು. ಏಳಕ್ಕೆ ಒಪ್ಪಿಗೆ ಬಂತು.

ರೊಟ್ಟಿ, ಹೆಸರುಕಾಳಿನ ಪಲ್ಯಕ್ಕೆ ಕುಳಿತಾಗ "ಜರಾ ಸರಿಯವ್ವಾ" ಎಂದೆ. "ಓಡು ಅನ್ರಿ ಅತ್ತೀ" ಎಂದು ನಕ್ಕಳು. ಆ ರಾತ್ರಿ ನನಗಿಂತ ಮೊದಲು ಅವಳೇ ನಿಶ್ಚಿಂತೆಯಿಂದ ಮಲಗಿದಳು.