ಮೆಹಂದಿ ಅಂದರೆ ಯಾವ ಬಣ್ಣ

ಬನಹಟ್ಟಿಯಲ್ಲಿ ಅಣ್ಣ ಹೊಸ ಮನೆ ಕಟ್ಟಿಸಿ, ಹಾಲ್‌ನ ಒಂದು ಗೋಡೆ ಖಾಲಿ ಬಿಟ್ಟಿದ್ದ. ಅದೇ ಎಲ್ಲದಕ್ಕೂ ಮೂಲ. ಆ ಗೋಡೆಗೆ ಇಡೀ ಮನೆತನದ ದೊಡ್ಡ ಫೋಟೋ ಬರಬೇಕು, ಅದರಲ್ಲಿ ಎಲ್ಲರೂ ಒಂದೇ ಬಣ್ಣದಲ್ಲಿರಬೇಕು ಎಂದು ಅವನ ಹೆಂಡತಿ, ನಮ್ಮ ವೈನಿ, ತೀರ್ಮಾನಿಸಿದಳು. ಮೊಬೈಲಿನಲ್ಲಿ ಅಂಥದೊಂದು ಫೋಟೋ ನೋಡಿದ್ದಳಂತೆ. ನನಗೂ ತೋರಿಸಿದಳು. ಮದುವೆಯ ಬ್ಯಾಂಡಿನವರು ಕಂಡಂತೆ ಕಂಡಿತು. ಬಾಯಿ ಬಿಟ್ಟು ಹೇಳಲಿಲ್ಲ. ವೈನಿ ಹಿರಿಯಳು, ಮೇಲಾಗಿ ಆಕೆ ಮಾಡುವ ಎಣ್ಣೆಗಾಯಿ ಪಲ್ಯ ನನಗೆ ಬೇಕು.

ಮುಂದಿನ ವಾರ ವಾಟ್ಸಾಪಿನಲ್ಲಿ ಆಕೆಯ ದನಿ ಬಂತು. "ಎಲ್ಲಾರೂ ಮೆಹಂದಿ ಕಲರ್ ಹಾಕ್ಕೊಂಡ ಬರ್ರಿ. ಯಾರೂ ತಪ್ಪಸಬ್ಯಾಡ್ರಿ."

ಮುಧೋಳದಿಂದ ನಾನು ಆತು ಎಂದೆ. ಸಾವಳಗಿಯಿಂದ ಅಕ್ಕ ಆತು ಎಂದಳು. ನಮ್ಮ ಮನೆತನ ಇಷ್ಟು ಬೇಗ ಯಾವುದಕ್ಕೂ ಒಪ್ಪಿದ್ದಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಒಪ್ಪದೇ ಇದ್ದವಳು ಅವ್ವ ಒಬ್ಬಳೇ. ವೈನಿ ತಂದುಕೊಟ್ಟ ಸೀರೆಯನ್ನು ಮಡಿಕೆ ಸಹ ಬಿಚ್ಚದೆ ಕಪಾಟಿಗೆ ಸೇರಿಸಿ, ತನ್ನ ಹಳೇ ಹಳದಿ ಸೀರೆಯನ್ನೇ ಉಡುತ್ತೇನೆಂದು ಹಟ ಹಿಡಿದಳು. ಕೆಂಪು ಅಂಚಿನ, ಲಿಂಬೆಹಣ್ಣಿನ ಬಣ್ಣದ ಆ ಸೀರೆಯನ್ನು ಆಕೆ ಉಟ್ಟಿದ್ದು ನನಗೆ ನೆನಪೇ ಇಲ್ಲ. "ನೀನರ ಹೇಳ ನಿಮ್ಮವ್ವಗ" ಎಂದು ವೈನಿ ನನಗೆ ದೂರಿದಳು. ಸೊಸೆಗೆ ಸಿಟ್ಟು ಬಂದಾಗ ಅತ್ತೆ ಬರೀ ನಮ್ಮವ್ವ ಆಗಿಬಿಡುತ್ತಾಳೆ. ಫೋನ್ ಮಾಡಿದೆ.

"ಇದ ನನ್ನ ಕಡೀ ಫೋಟೋ. ಗ್ವಾಡಿಗೆ ಹೆಂಗ ತೂಗಬೇಕು ಅನ್ನೂದು ನನಗ ಗೊತ್ತೈತಿ. ಇಡು ಫೋನ್" ಎಂದಳು ಅವ್ವ.

ಅವಳ ಭಯ ನನಗೆ ತಿಳಿಯಿತು. ಅಪ್ಪ ತೀರಿಕೊಂಡಾಗ ಅವನದೊಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಯಾರದೋ ಮದುವೆಯಲ್ಲಿ ತೆಗೆದ ಫೋಟೋ ಒಂದನ್ನು ಅಣ್ಣ ಅವಸರದಲ್ಲಿ ಸ್ಟುಡಿಯೋಕ್ಕೆ ಕೊಟ್ಟ. ಅವರು ಪಕ್ಕದವರನ್ನೆಲ್ಲ ಕತ್ತರಿಸಿ ಅಪ್ಪನನ್ನು ದೊಡ್ಡದು ಮಾಡಿಕೊಟ್ಟರು. ಅಸಲು ಫೋಟೋ ಅಲ್ಲೇ ಕಳೆದುಹೋಯಿತು. ಮಾಲೆ ಹಾಕಿಸಿಕೊಂಡ ಅಪ್ಪನ ಎಡ ಭುಜದ ಹತ್ತಿರ ಈಗಲೂ ಯಾರದೋ ಸೆರಗಿನ ಹಳದಿ ಚೂರು ಉಳಿದಿದೆ. ಅಪ್ಪ ಹೆಗಲ ಮೇಲೆ ಲಿಂಬೆಹಣ್ಣು ಇಟ್ಟುಕೊಂಡು ಹೋಗಿದ್ದಾನೆ ಎಂದು ನಾವು ನಗುತ್ತಿದ್ದೆವು. ತನ್ನ ಫೋಟೋಕ್ಕೂ ಇದೇ ಗತಿಯಾಗಬಾರದು ಅಂತ ಅವ್ವನಿಗೆ ಇರಬೇಕು ಅಂದುಕೊಂಡೆ. ಆದರೆ ಅದಕ್ಕೂ ಹಳದಿ ಸೀರೆಗೂ ಏನು ಸಂಬಂಧ ಅಂತ ಹೊಳೆಯಲಿಲ್ಲ.

ಜಮಖಂಡಿಯ ಸ್ಟುಡಿಯೋದ ಬಾಗಿಲಲ್ಲಿ ಎಲ್ಲರೂ ಕೂಡಿದೆವು. ಅಣ್ಣ, ವೈನಿ, ಅವರ ಮಕ್ಕಳು ಕಡುಹಸಿರು. ನಾನು, ಅಕ್ಕ, ನಮ್ಮ ಗಂಡಂದಿರು, ಮಕ್ಕಳು ಕಡುಗೆಂಪು.

"ಇದ್ಯಾವ ಬಣ್ಣ?" ಎಂದಳು ವೈನಿ.

"ಮೆಹಂದಿ. ಕೈಗೆ ಹಚ್ಚಿದ್ರ ಕೆಂಪಾಗ್ತದೋ ಹಸರಾಗ್ತದೋ?" ಎಂದಳು ಅಕ್ಕ.

"ಅರಿವಿ ಅಂಗಡ್ಯಾಗ ಕೇಳ್ರಿ. ಮೆಹಂದಿ ಅಂದ್ರ ಹಸರ ಕೊಡ್ತಾರ. ಹಚ್ಚಿದ್ದಲ್ಲ, ಅರದದ್ದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ನಮಗೆ, ನೂಲಿನ ಎಳೆ ಮುಟ್ಟಿ ಗುಣ ಹೇಳುವ ನಮಗೆ, ಒಂದು ಬಣ್ಣದ ಹೆಸರು ಗೊತ್ತಿರಲಿಲ್ಲ. ನನ್ನ ಗಂಡ ನಕ್ಕ, ನಾನು ದುರುಗುಟ್ಟಿದೆ, ಸುಮ್ಮನಾದ. ಅಷ್ಟರಲ್ಲಿ ಅವ್ವ ಹಳದಿ ಸೀರೆಯಲ್ಲಿ ಕಾರಿನಿಂದಿಳಿದಳು.

"ಈಗ ಸಿಗ್ನಲ್ ಪೂರಾ ಆತು ನೋಡ್ರಿ" ಎಂದ ಫೋಟೋದವನು. ವೈನಿಯ ಕಣ್ಣಲ್ಲಿ ನೀರು ಬಂದಿತ್ತು. ಪಾಪ ಅನ್ನಿಸಿತು, ನಗುವೂ ಬಂತು.

ಕೆಂಪು ಹಸಿರನ್ನು ಒಂದು ಬಿಟ್ಟು ಒಂದರಂತೆ ನಿಲ್ಲಿಸಿ ಫೋಟೋದವನು ಹೇಗೋ ದಾರಿ ಮಾಡಿದ. "ಯವ್ವಾ, ನೀವು ನಡುವ ಕುಂದರ್ರಿ" ಎಂದ.

ಅವ್ವ ನಡುವಿನ ಕುರ್ಚಿಯನ್ನು ತಾನೇ ಎಳೆದುಕೊಂಡು ಸಾಲಿನ ತುದಿಗೆ ಹೋಗಿ ಕೂತಳು. "ನನ್ನ ಬಲಕ್ಕ ಯಾರೂ ನಿಂದರಬ್ಯಾಡ್ರಿ. ಜಾಗಾ ಬಿಡ್ರಿ."

"ಅತ್ತಿ, ಎಲ್ಲಾ ಕೆಡಸಾಕತ್ತೀರಿ ನೀವು" ಎಂದಳು ವೈನಿ. "ಬಣ್ಣಾನೂ ಹೊಂದವಲ್ದು, ಕುಂದ್ರೂದೂ ಹೊಂದವಲ್ದು."

"ನಿಮ್ಮ ಜೋಡಿ ಹೊಂದಿ ನನಗೇನ ಆಗಬೇಕೈತಿ?" ಎಂದಳು ಅವ್ವ. ಸೆರಗನ್ನು ಬಲಗೈಯಿಂದ ಹಿಡಿದು ತೋರಿಸಿದಳು. "ನಿಮ್ಮ ಮಾವನ ಹೆಗಲ ಬಾಜೂಕ ಐತೆಲ್ಲ ಹಳದಿ, ಅದು ಇದ ಸೀರಿ. ಅವತ್ತ ಅವರ ಎಡಕ ನಾನ ಕುಂತಿದ್ದೆ, ನನ್ನ ಬಲಕ್ಕ ಅವರು. ನಾ ಸತ್ತ ಮ್ಯಾಲೆ ಎರಡೂ ಫೋಟೋ ಜೋಡಿಸಿ ತೂಗಹಾಕ್ರಿ. ಹೊಂದತೈತಿ."

ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ಅಷ್ಟು ವರ್ಷ ನಾವು ನಕ್ಕಿದ್ದು ಅವ್ವನ ಸೆರಗಿಗೆ. ನಾವು ನಕ್ಕಾಗಲೆಲ್ಲ ಅವಳೂ ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ನನಗೆ ಅಳು ಬಂತು.

"ಅತ್ತಗೋತ ಕುಂತ್ರ ಫೋಟೋ ಛಲೋ ಬರಂಗಿಲ್ಲ. ನಗ್ರಿ" ಎಂದು ಅವ್ವನೇ ಬೈದಳು. ನಕ್ಕೆವು.

ಫೋಟೋ ತೆಗೆದಾಯಿತು. ಫೋಟೋದವನು ಅದನ್ನು ಕಂಪ್ಯೂಟರಿನಲ್ಲಿ ತೋರಿಸುತ್ತ, ಅವ್ವನ ಬಲಕ್ಕೆ ಬೆರಳಿಟ್ಟ. "ಈ ಕಡೆ ಸುಮ್ಮನ ಖಾಲಿ ಐತ್ರಿ. ಕಟ್ ಮಾಡ್ಲಿ?"

ಆವತ್ತೆಲ್ಲ ಮುಖ ಊದಿಸಿಕೊಂಡಿದ್ದ ವೈನಿ ಅವನ ಕೈ ಸರಿಸಿದಳು. "ಮುಟ್ಟಬ್ಯಾಡ್ರಿ. ನಿಮ್ಮ ಮಂದಿ ಒಮ್ಮೆ ಕಟ್ ಮಾಡಿದ್ದ ಸಾಕು."